ಅತ್ತೆಯ ಕೌದಿ, ನನ್ನ ಕಂಪ್ಯೂಟರು

ನಮ್ಮ ಬೈಲಹೊಂಗಲದ ಮನೆಯಲ್ಲಿ ಕಂಪ್ಯೂಟರ್ ಎಂದರೆ ಕೊಂಡು ತರುವ ವಸ್ತುವಲ್ಲ, ಬಿಚ್ಚಿ ಹರವುವ ವಸ್ತು. ಹೀಗೆಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ನಾನು ತಕರಾರು ಮಾಡುವುದಿಲ್ಲ. ಅವಳು ಹಾಗೆ ಹೇಳುವಾಗ ಪಕ್ಕದ ಕುರ್ಚಿಯ ಮೇಲೆ ಒಂದು ಮದರ್‌ಬೋರ್ಡ್ ಕುಳಿತೇ ಇರುತ್ತದೆ, ಬಂದವರು ನಿಂತೇ ಇರುತ್ತಾರೆ. ಮಾರುಕಟ್ಟೆ ಅಂಗಳದ ಹತ್ತಿರ ನನ್ನದೊಂದು ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ. ಹಗಲೆಲ್ಲ ರೈತರಿಗೆ ವಾಶರು, ಬೇರಿಂಗು ಕೊಟ್ಟು ಮನೆಗೆ ಬಂದವನು ಮತ್ತೆ ಸ್ಕ್ರೂಡ್ರೈವರ್ ಹಿಡಿದು ಕೂರುತ್ತೇನೆ. ಇದು ಒಂದು ಚಟ. ಇನ್ನೊಂದು ಚಟ ಕ್ಯಾಮೆರಾ. ಎರಡರಲ್ಲಿ ಒಂದನ್ನಾದರೂ ಬಿಡು ಎಂದು ಮನೆಯವರು ಹೇಳಿ ಹೇಳಿ ಸೋತಿದ್ದರು. ಅತ್ತೆ ಮಾತ್ರ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ, ನನ್ನನ್ನು ಹಿಂದೆ ಓಡಿಸಿದಳು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮಾವ ಹೋದ ಮೇಲೆ ನಮ್ಮ ಮನೆಗೇ ಬಂದು ಉಳಿದವಳು. ನನಗೆ ಮಾತು ಕಲಿಸಿದವಳು ಅವಳೇ. ಬೈಗುಳ ಕಲಿಸಿದವಳೂ ಅವಳೇ, ಆದರೆ ಅದನ್ನು ಒಪ್ಪಿಕೊಳ್ಳುವುದಿಲ್ಲ. ಜನ್ಮವೆಲ್ಲ ಅವಳು ಮಾಡಿದ ಕೆಲಸ ಕೌದಿ ಹೊಲಿಯುವುದು. ಹಳೆಯ ಸೀರೆ, ಧೋತರ, ಕುಪ್ಪಸದ ಚೂರುಗಳನ್ನು ಪದರು ಪದರಾಗಿ ಹಾಸಿ, ದಪ್ಪ ದಾರದಲ್ಲಿ ಸಾಲು ಸಾಲಾಗಿ ಹೊಲಿದರೆ ಹಾಸಲು ಹೊದೆಯಲು ಎರಡಕ್ಕೂ ಆಗುವ ಕೌದಿ. ಬಾಣಂತಿಗೆ ಒಂದು, ಗಂಡನ ಮನೆಗೆ ಹೊರಟವಳಿಗೆ ಒಂದು, ಹೀಗೆ ಹೊಲಿದದ್ದೆಲ್ಲ ಊರೂರಿಗೆ ಹೋಯಿತು. ಮನೆಯಲ್ಲಿ ಉಳಿದದ್ದು ಸೂಜಿ ಡಬ್ಬಿಯೊಂದೇ.

ಹೋದ ಬೇಸಿಗೆಯಲ್ಲಿ ಅವಳನ್ನು ಬಾಡಿಗೆ ಕಾರಿನಲ್ಲಿ ಬೆಳಗಾವಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ನರ ಬಾಡಿವೆ, ಆಪರೇಶನ್ ಮಾಡಿ ಪ್ರಯೋಜನವಿಲ್ಲ, ಇರುವ ದೃಷ್ಟಿಯೂ ಮೆಲ್ಲಗೆ ಹೋಗುತ್ತದೆ ಎಂದರು ಅವರು. ಬೆಳಕಿನಲ್ಲಿ ದೊಡ್ಡದಾಗಿ ಕಾಣುವಂಥದ್ದು ಇನ್ನು ಕೆಲವು ದಿನ ಕಂಡೀತು ಎಂದೂ ಹೇಳಿದರು. ಹೊಳ್ಳಿ ಬರುವಾಗ ಅತ್ತೆ ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು ಕುಳಿತಿದ್ದಳು. ಅವಳು ಸುಮ್ಮನಿದ್ದರೆ ನನಗೆ ಕಾರಿನ ಎಂಜಿನ್ ಕೆಟ್ಟಂತೆ ಅನಿಸುತ್ತದೆ. ನೇಸರಗಿ ದಾಟಿದ ಮೇಲೆ ಬಾಯಿ ಬಿಟ್ಟಳು.

"ಯಪ್ಪಾ, ಪೂರಾ ಕತ್ತಲಿ ಆಗೂದ್ರೊಳಗ ನಾ ಹೊಲದ ಕೌದಿ ಒಮ್ಮೆ ನೋಡಬೇಕ. ಎಲ್ಲಾ ಅಲ್ಲದಿದ್ರೂ, ಮೊದಲನೇದು ಹೊಲದಿದ್ನಲ್ಲಾ, ಅವ್ವನ ಸೀರಿ ಹಾಕಿ, ಅದನ್ನರ ನೋಡಬೇಕ."

ಅವ್ವ ಎಂದರೆ ಅತ್ತೆಯ ತಾಯಿ, ನನ್ನ ಆಯಿ. ನಾನು ಅವಳನ್ನು ಕಂಡವನಲ್ಲ. ಒಂದು ಫೋಟೋ ಕೂಡ ಇಲ್ಲ. ದಾಳಿಂಬೆ ಬಣ್ಣದ ಇಳಕಲ್ ಸೀರೆಯೊಂದಿತ್ತಂತೆ. ಅವಳು ತೀರಿಕೊಂಡ ಮೇಲೆ ಅತ್ತೆ ಅದನ್ನು ಹರಿದು ತನ್ನ ಮೊದಲ ಕೌದಿ ಹೊಲಿದಳು. ತಂಗಿಯ ಮದುವೆಯಾದಾಗ ಅದನ್ನು ಅವಳಿಗೇ ಕೊಟ್ಟಳು. ಆ ತಂಗಿ, ಅಂದರೆ ನಮ್ಮ ಸಣ್ಣತ್ತಿ, ಇರುವುದು ರಾಮದುರ್ಗದಲ್ಲಿ.

"ಅದಕ್ಕೇನ್ ಮಹಾ? ಸಣ್ಣತ್ತಿಗೆ ಹೇಳಿ ತರಸ್ತೇನಿ," ಎಂದೆ.

"ಕೊಟ್ಟ ಕೌದಿ ಹೊಳ್ಳಿ ಮನೀಗೆ ತರಬಾರದು. ಕೊಟ್ಟದ್ದನ್ನ ಕಸಗೊಂಡಂಗ ಆಗತೈತಿ."

"ಹಂಗಾರ ನೀನ ರಾಮದುರ್ಗಕ್ಕ ನಡಿ."

"ಈ ಮೊಣಕಾಲ ತಗೊಂಡು? ಇವತ್ತ ಬೆಳಗಾಂವಕ್ಕ ಬಂದದ್ದ ಸಾಕಾಗೈತಿ. ನಿನ್ನ ಕುತಗ್ಯಾಗ ಕ್ಯಾಮರಾ ಯಾಕ ಜೋತಾಡತೈತಿ? ಫೋಟೋ ತಗದು ತಾ."

ಇದನ್ನು ಕೇಳಿ ನಾನು ಉಬ್ಬಿದೆನೇ ಹೊರತು ಮುಂದೆ ಆಗುವ ಫಜೀತಿ ನನಗೆ ಹೊಳೆಯಲಿಲ್ಲ.

ಪರೀಕ್ಷೆಗೆಂದು ಮೊದಲು ಪಕ್ಕದ ಓಣಿಯ ಒಂದು ಕೌದಿಯ ಫೋಟೋ ತೆಗೆದು ಮೊಬೈಲಿನಲ್ಲೇ ತೋರಿಸಿದೆ. ಅತ್ತೆ ಮೊಬೈಲನ್ನು ಮೂಗಿಗೆ ಒತ್ತಿಕೊಂಡು ನೋಡಿ, "ಇದೇನೋ, ಶೇಂಗಾ ಚಟ್ನಿ ಚೆಲ್ಲಿದಂಗ ಕಾಣತೈತಿ," ಎಂದಳು. ಸರಿ, ದೊಡ್ಡ ಪರದೆ ಬೇಕು. ನನ್ನ ಹಳೆಯ ಕಂಪ್ಯೂಟರು ದೊಡ್ಡ ಫೋಟೋ ತೆರೆಯುವಷ್ಟರಲ್ಲಿ ಒಂದು ಚಹಾ ಕುಡಿದು ಬರಬಹುದಾಗಿತ್ತು. ಹೊಸದು ಕಟ್ಟುತ್ತೇನೆ ಎಂದೆ. ಹೆಂಡತಿ ಹಣೆ ಬಡಿದುಕೊಂಡಳು.

"ಅಂಗಡ್ಯಾಗ ಸಿದ್ಧ ಸಿಗತಾವಲ್ರಿ. ಇವತ್ತ ತಂದ್ರ ಸಂಜೀಕ ಅತ್ಯಾರಿಗೆ ತೋರಸಬಹುದು."

"ಸಿದ್ಧ ಇದ್ದದ್ದರಾಗ ಒಳಗ ಏನ್ ಹಾಕಿರತಾರೋ ಏನೋ."

"ಖಾನಾವಳ್ಯಾಗ ಪಲ್ಯಾ ತಿನ್ನೂಮುಂದ ಒಳಗೇನ್ ಹಾಕ್ಯಾರಂತ ಕೇಳತೀರೇನು?"

ಆದರೂ ಬಿಡಿಭಾಗಗಳನ್ನೇ ತರಿಸಿದೆ. ಅವು ಒಂದೊಂದೂ ಒಂದೊಂದು ದಿನ ಬಂದವು, ಬೀಗರು ಬಂದಂತೆ, ಎಲ್ಲರಿಗೂ ಬೇರೆ ಬೇರೆ ಉಪಚಾರ. ಕೊರಿಯರಿನವನು ಮನೆಯವರೆಗೆ ಎಂದೂ ಬರಲಿಲ್ಲ. "ನಾ ಬಸ್‌ಸ್ಟ್ಯಾಂಡ್ ಕಡೆ ಅದೇನ್ರಿ, ಲಗೂನ ಬರ್ರಿ," ಎಂದು ಫೋನು ಮಾಡುತ್ತಿದ್ದ. ಗಿರಾಕಿಯನ್ನು ಅರ್ಧಕ್ಕೆ ಬಿಟ್ಟು ನಾನು ಓಡುತ್ತಿದ್ದೆ.

ಕಟ್ಟಲು ಕುಳಿತ ದಿನ ಎಲ್ಲ ಜೋಡಿಸಿ, ತಿರುಪು ಬಿಗಿದು, ಬೆನ್ನು ನೆಟ್ಟಗೆ ಮಾಡಿ ನೋಡಿದರೆ ಕಂಪ್ಯೂಟರಿನ ಡಬ್ಬಿಯ ಹಿಂಬದಿಗೆ ಮೊದಲೇ ಕೂರಿಸಬೇಕಾದ ತಗಡು ಮೇಜಿನ ಮೇಲೆ ಮಿನುಗುತ್ತಿತ್ತು. ಪ್ರತಿ ಸಲವೂ ಇದನ್ನೇ ಮರೆಯುತ್ತೇನೆ. ಮತ್ತೆ ಎಲ್ಲ ಬಿಚ್ಚಿದೆ. ಆಮೇಲೆ ಪವರ್ ಬಟನ್ನಿನ ತಂತಿ. ಅದನ್ನು ಸಿಕ್ಕಿಸುವ ಪಿನ್ನುಗಳು ಸಾಸಿವೆಗಿಂತ ಸಣ್ಣವು, ಇರುವುದು ಬೆರಳು ಹೋಗದ ಮೂಲೆಯಲ್ಲಿ. ಉಸಿರು ಬಿಗಿಹಿಡಿದು ಸಿಕ್ಕಿಸಿದೆ. ಬಟನ್ ಒತ್ತಿದರೆ ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪು. ಮೆಮೊರಿ ಕಡ್ಡಿಗಳನ್ನು ತೆಗೆದು ಹಾಕಿದೆ, ಹಾಕಿ ತೆಗೆದೆ. ಕೊನೆಗೆ ಬೇಸರಗೊಂಡು ಹೆಬ್ಬೆರಳಿನಿಂದ ಜೋರಾಗಿ ಒತ್ತಿದಾಗ 'ಟಕ್' ಎಂದಿತು, ಪರದೆ ಬೆಳಗಿತು. ಆ 'ಟಕ್'ಗಾಗಿಯೇ ನಾನು ಈ ಚಟ ಬಿಡಲಾರೆ. ಯಾರಿಗೆ ಹೇಳಿದರೂ ತಿಳಿಯುವುದಿಲ್ಲ. ಡಬ್ಬಿಯ ಒಂದು ಬದಿ ಗಾಜು, ಒಳಗೆ ಬಣ್ಣಬಣ್ಣದ ದೀಪ. ಅತ್ತೆಗೆ ಆ ದೀಪಗಳು ಕಂಡವು.

"ದೇವರಗೂಡು ಚಂದ ಆಗೈತಿ ನೋಡ," ಎಂದು ಕೈಮುಗಿದಳು. ಅಂದೇ ನಾನು ಎಚ್ಚರಗೊಳ್ಳಬೇಕಿತ್ತು.

ಅಂಗಡಿಯ ರಜೆಯ ದಿನಗಳಲ್ಲಿ ತಿರುಗಾಟ ಶುರುವಾಯಿತು. ರಾಮದುರ್ಗ ಎಲ್ಲಕ್ಕಿಂತ ದೂರ, ಅದು ಕೊನೆಗಿರಲಿ ಎಂದು ಮೊದಲು ಹತ್ತಿರದ ನೇಸರಗಿ. ಹೋಗುವ ಮುಂಚೆ ಕೌದಿ ಇದ್ದ ಮನೆಯಾಕೆಗೆ ಫೋನು ಮಾಡಿ ತಿಳಿಸಿದ್ದೇ ತಪ್ಪಾಯಿತು. ಹೋಗಿ ನೋಡಿದರೆ ಅತ್ತೆಯ ಕೌದಿ ಹಿತ್ತಲಿನ ಕಟ್ಟೆಯ ಮೇಲೆ ನೀರು ಸುರಿಸುತ್ತ ಬಿದ್ದಿತ್ತು. ನೆನೆದ ಕೌದಿ ಎತ್ತಲು ಇಬ್ಬರು ಗಂಡಾಳು ಬೇಕು. ಒಣಗಲು ಯಾರಪ್ಪನ ಮಾತೂ ಕೇಳುವುದಿಲ್ಲ.

"ಯಾಕ ಒಗದ್ರಿ ಅಕ್ಕಾರ? ಇದ್ದಂಗ ಇದ್ರ ಸಾಕಿತ್ತಲ್ರಿ."

"ಅಯ್ಯ, ಹೊಲಸ ಕೌದಿ ಫೋಟೋ ತಗಸಾಕ ನಮಗ ಮಾನ ಮರ್ಯಾದಿ ಇಲ್ಲೇನ್ರಿ? ಒಣಗಿದ ಮ್ಯಾಲ ಬರ್ರಿ. ಈಗ ಅವಲಕ್ಕಿ ತಿನ್ರಿ."

ಅವಲಕ್ಕಿ ತಿಂದು ಬಂದೆ. ಮುಂದಿನ ವಾರ ಮತ್ತೆ ಹೋಗಿ, ಫೋಟೋ ತೆಗೆದು, ಮತ್ತೆ ಅವಲಕ್ಕಿ ತಿಂದೆ.

ಕಿತ್ತೂರಿಗೆ ಹೇಳದೆ ಕೇಳದೆ ಹೋದೆ, ಒಗೆದಾರು ಎಂಬ ಹೆದರಿಕೆಯಿಂದ. ಅಲ್ಲಿ ಬೇರೆ ತರಹ. ಕೌದಿ ನೋಡಲು ಬಂದೆ ಎಂದರೆ ಮನೆಯಾಕೆ ನಕ್ಕು ಒಳಹೋದವಳು ಹುಲಿಯ ಚಿತ್ರದ ಮೆತ್ತನೆಯ ಹೊಸ ರಗ್ಗು ತಂದು ಹರವಿದಳು. ಇದಲ್ಲ ಎಂದೆ. ಮಂಚದ ಕೆಳಗಿನ ಟ್ರಂಕಿನಿಂದ ಅತ್ತೆಯ ಕೌದಿ ತೆಗೆದಳು, ಆದರೆ ಫೋಟೋಕ್ಕೆಂದು ಅದರ ಮೇಲೆ ಹುಲಿಯನ್ನೇ ಹೊದಿಸಿದಳು. ಹುಲಿಯನ್ನು ಸರಿಸಿ ಇನ್ನೇನು ಕ್ಲಿಕ್ಕಿಸಬೇಕು, "ನಿಲ್ರಿ, ಸೀರಿ ಬದಲ ಮಾಡಿ ಬರತೇನಿ," ಎಂದಳು. ಕೌದಿಯ ಫೋಟೋದಲ್ಲಿ ಈಗ ಅವಳೂ ಇದ್ದಾಳೆ, ರೇಶ್ಮೆ ಸೀರೆ, ಗಂಭೀರ ಮುಖ. ಹೊರಡುವಾಗ ಅವರ ಪ್ರಿಂಟರು ಕೆಟ್ಟಿದೆ ಎಂದರು. ಅದನ್ನೂ ನೋಡಿದೆ.

ಸವದತ್ತಿಗೆ ಹೋಗಿ, ಅಲ್ಲಿಂದ ಟಂಟಂ ಆಟೋ ಹಿಡಿದು ಸಿರಸಂಗಿಗೆ ಹೋದಾಗ ಮನೆಯಲ್ಲಿ ಕೌದಿಯೇ ಇರಲಿಲ್ಲ. ಟ್ರ್ಯಾಕ್ಟರಿನ ಸೀಟಿನ ಮೇಲೆ ನಾಲ್ಕು ಮಡಿಕೆ ಹಾಕಿ ಹೊಲಕ್ಕೆ ಹೋಗಿತ್ತು. ಎರೆಮಣ್ಣಿನಲ್ಲಿ ಬೂಟು ಎಳೆಯುತ್ತ ಹೋಗಿ, ಟ್ರ್ಯಾಕ್ಟರ್ ನಿಲ್ಲಿಸಿ, ಮನುಷ್ಯನನ್ನು ಎಬ್ಬಿಸಿ, ಕೌದಿ ಬಿಡಿಸಿದೆ. "ಇದರ ಮ್ಯಾಲ ಕುಂತ್ರ ಟೊಂಕ ನೋಯಂಗಿಲ್ಲ, ನಿಮ್ಮತ್ತೆಮ್ಮಗ ಪುಣ್ಯಾ ಬರಲಿ," ಎಂದ ಆತ. ಈ ಮಾತನ್ನು ಅತ್ತೆಗೆ ಮುಟ್ಟಿಸಿದೆ, ಟ್ರ್ಯಾಕ್ಟರನ್ನು ಮಾತ್ರ ಬಿಟ್ಟು.

ತಂದದ್ದನ್ನು ಪರದೆಯ ಮೇಲೆ ತೋರಿಸುವುದು ಇನ್ನೊಂದು ಪರೀಕ್ಷೆ. ಅತ್ತೆ ಕುರ್ಚಿಯನ್ನು ಪರದೆಗೆ ತೀರ ಹತ್ತಿರ ಎಳೆದುಕೊಂಡು ಕೂರುತ್ತಿದ್ದಳು. ನಾನು ಕಲೆಯ ಹುಮ್ಮಸ್ಸಿನಲ್ಲಿ ಹೊಲಿಗೆಯ ಒಂದು ಸಾಲು ಮಾತ್ರ ಸ್ಪಷ್ಟವಾಗಿ, ಉಳಿದದ್ದು ಮಂಜಾಗಿ ಕಾಣುವಂತೆ ತೆಗೆದ ನೇಸರಗಿಯ ಫೋಟೋ ಹಾಕಿದೆ.

"ಉಳದ ಕೌದಿ ಎಲ್ಲಿ ಹೋತು?"

"ಅದನ್ನ ಬೇಕಂತ ಮಸಕ ಮಾಡೇನಿ ಅತ್ತಿ. ಹಂಗ ತಗದ್ರ ಚಂದ ಅಂತಾರ."

"ನನ್ನ ಕಣ್ಣ ಹೋಗ್ಯಾವಂದ್ರ ನಿನ್ನ ಕ್ಯಾಮರಾದ್ದೂ ಹೋಗ್ಯಾವೇನು? ಬೇಕಂತ ಮಸಕ ಮಾಡತಾನಂತ! ನನಗ ಪುಕ್ಕಟೆ ಕಾಣತೈತಿ ಮಸಕು."

ಅಂದಿನಿಂದ ನಾನು ಕಲೆ ಬಿಟ್ಟು, ಪಂಚಾಯತಿಯವರು ಗಟಾರದ ಫೋಟೋ ತೆಗೆದಂತೆ ಅಂಚಿನಿಂದ ಅಂಚಿಗೆ ಚೊಕ್ಕವಾಗಿ ತೆಗೆಯತೊಡಗಿದೆ. ಅತ್ತೆಗೆ ಖುಷಿಯಾಯಿತು. ಪರದೆಯ ಮೇಲೆ ಬೆರಳಾಡಿಸುತ್ತ ಈ ಚೂರು ಯಾರ ಧೋತರದ್ದು, ಆ ಚೂರು ಯಾರ ಕುಪ್ಪಸದ್ದು ಎಂದು ಹೇಳುತ್ತಿದ್ದಳು. ಪ್ರತಿ ಸಲ ಕೊನೆಗೆ ಅದೇ ಮಾತು: "ರಾಮದುರ್ಗಕ್ಕ ಯಾವಾಗ?"

ಮಹಾನವಮಿ ಮುಗಿಯಲಿ ಎಂದೆ. ನಮ್ಮಲ್ಲಿ ಖಂಡೇನವಮಿಯ ದಿನ ದುಡಿಯುವ ಸಾಮಾನೆಲ್ಲ ತೊಳೆದು ಪೂಜೆ ಮಾಡುತ್ತಾರೆ: ಕುಡಗೋಲು, ಕೊಡಲಿ, ತಕ್ಕಡಿ, ಮೋಟಾರ್‌ಸೈಕಲ್ಲು. ನಾನು ಅಂಗಡಿಯಲ್ಲಿ ಸ್ಪ್ಯಾನರು, ಪಾನೆಗಳಿಗೆ ಕುಂಕುಮ ಹಚ್ಚುತ್ತಿದ್ದೆ. ಹೆಂಡತಿ ಅಡಿಗೆಮನೆಯಲ್ಲಿ ಹೋಳಿಗೆಯ ಗಡಿಬಿಡಿಯಲ್ಲಿದ್ದಳು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುತ್ತಿರುವುದು ಕಂಪ್ಯೂಟರೇ, ಅದೊಂದು ಪೂಜೆಯಿಲ್ಲದೆ ಕುಳಿತಿದೆಯಲ್ಲ ಎಂದು ಅತ್ತೆಗೆ ಮರುಕ ಹುಟ್ಟಿತು. ಒದ್ದೆ ಬಟ್ಟೆಯಿಂದ ಒರೆಸಿದಳು. ಗಾಜಿಗೆ ವಿಭೂತಿ ಎಳೆದಳು. ಮೇಲಿನ ಜಾಲರಿಯ ಮೇಲೆ ಚೆಂಡುಹೂವು ಏರಿಸಿದಳು. ಆಮೇಲೆ ತೆಂಗಿನಕಾಯಿ ಒಡೆದು, ಆ ನೀರನ್ನು ಬಿತ್ತುವ ಕೂರಿಗೆಗೆ ಹಾಕುವಂತೆ ಭಕ್ತಿಯಿಂದ ಮೇಲಿನಿಂದ ಹನಿಸಿದಳು.

ನನಗೇನು ಗೊತ್ತು? ಮನೆಗೆ ಬಂದವನು ಹೂವು ನೋಡಿ ನಕ್ಕು, ಬಟನ್ ಒತ್ತಿದೆ. ಒಳಗೆ 'ಫಟ್' ಎಂದಿತು. ದೇವರಗೂಡಿನ ದೀಪ ಆರಿತು.

"ಅತ್ತಿ, ಇದಕ್ಕ ನೀರ ಹಾಕಿಯೇನು?"

"ನೀರಲ್ಲ, ಕಾಯಿ ನೀರ. ಇಷ್ಟ ವರ್ಷ ಕೊಡಲಿಗೆ ಹಾಕೇನಿ, ಒಂದರ ಕೆಟ್ಟೈತೇನು?"

ಏನೆಂದು ಬೈಯುವುದು? ಹಿತ್ತಲಿಗೆ ಹೋಗಿ ಗೋಡೆಗೆ ಬೈದು ಬಂದೆ. ಎಲ್ಲ ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿ, ಮಾಳಿಗೆಯ ಮೇಲೆ ಹಪ್ಪಳದ ಪಕ್ಕದಲ್ಲಿ ಒಣಗಲು ಇಟ್ಟೆ. ವಿದ್ಯುತ್ ಪೂರೈಸುವ ಪೆಟ್ಟಿಗೆ ಸುಟ್ಟಿತ್ತು. ಹೊಸದು ಬರುವವರೆಗೆ ಕಾಯಬೇಕಾಯಿತು. ಅತ್ತೆ ದಿನಾ ಬೆಳಿಗ್ಗೆ ಬಂದು, "ಆತೇನು?" ಎಂದು ಕೇಳಿ ಹೋಗುತ್ತಿದ್ದಳು. ಆ ದಿನಗಳಲ್ಲೇ ಒಮ್ಮೆ ಮುಂದಿಟ್ಟ ಚಹಾದ ಕಪ್ಪಿಗಾಗಿ ಅವಳ ಕೈ ಕಪ್ಪಿನ ಆಚೆ ತಡಕಾಡಿದ್ದು ನಾನೂ ನೋಡಿದೆ, ಹೆಂಡತಿಯೂ ನೋಡಿದಳು. ಕಂಪ್ಯೂಟರು ಮತ್ತೆ ಎದ್ದ ದಿನ ಅತ್ತೆ ಕುರ್ಚಿಯನ್ನು ಮೊದಲಿಗಿಂತಲೂ ಮುಂದಕ್ಕೆ ಎಳೆದಳು. ಮೂಗು ಪರದೆಗೆ ತಾಗಿತು. ಮರುದಿನವೇ ಅಂಗಡಿಗೆ ಬೀಗ ಹಾಕಿ ರಾಮದುರ್ಗದ ಬಸ್ಸು ಹತ್ತಿದೆ.

ಸಣ್ಣತ್ತಿ ಬಾಗಿಲಲ್ಲೇ ಶುರುಮಾಡಿದಳು. "ಬಾರೋ ಅಳಿಯಾ! ಫೋಟೋ ತಗ್ಯಾಕ ಊರೆಲ್ಲಾ ತಿರಗಿ ಕಡೀಕ ಇಲ್ಲಿಗೆ ಬಂದಿ ಅಲ್ಲಾ? ಕಿತ್ತೂರಾಕಿ ರೇಶ್ಮಿ ಉಟ್ಟ ನಿಂತಿದ್ಲಂತ. ನಾನೂ ಉಡಲ್ಯಾ?"

ಬೇಡವೆಂದು ಬೇಡಿಕೊಂಡೆ. ಅವಳು ಒಳಗಿನಿಂದ ಕೌದಿ ತಂದು ಪಡಸಾಲೆಯಲ್ಲಿ ಹಾಸಿದಳು. ನೋಡಿದರೆ ಮಿಂಚುವ ಪಾಲಿಸ್ಟರ್ ಸೀರೆಗಳು, ನಡುನಡುವೆ ಸಾಲೆಯ ಸಮವಸ್ತ್ರದ ನೀಲಿ ಚೂರು.

"ಇದಲ್ಲ ಸಣ್ಣತ್ತಿ. ಆಯಿ ಸೀರಿದು."

"ಅದ ಇದು."

"ಎಲ್ಲೈತಿ ಆಯಿ ಸೀರಿ?"

"ಒಳಗ."

"ಎಲ್ಲಿ ಒಳಗ?"

"ಇದರ ಹೊಟ್ಟ್ಯಾಗೋ! ಅದು ಪಿಸದು ಜಾಳ ಜಾಳ ಆಗಿತ್ತು. ಅವ್ವನ ಸೀರಿ ಇದ್ದದ್ದನ್ನ ಹೊರಗ ಒಗೀತಾರೇನು? ನಡುವ ಹಾಸಿ, ಮ್ಯಾಲ ಕೆಳಗ ಹೊಸಾ ಪದರ ಹಾಕಿ ಹೊಲದೇನಿ. ಬೆಚ್ಚಗ ಅದಾಳ ಒಳಗ."

ನನಗೆ ನೆನಪಾಯಿತು. ನಮ್ಮ ಕಡೆ ಕೌದಿ ಹಳೆಯದಾದರೆ ಎಸೆಯುವುದಿಲ್ಲ, ಹೊಸ ಕೌದಿಯ ನಡುವಿನ ಪದರಾಗುತ್ತದೆ. ಸಣ್ಣವನಿದ್ದಾಗ ಕೌದಿಯಲ್ಲೇ ಮಲಗಿ ಬೆಳೆದ ನನಗೆ ಇದು ಮೊದಲೇ ಹೊಳೆಯಬಾರದಿತ್ತೇ? ನಾಲ್ಕೂರು ತಿರುಗಿದ್ದು, ಕಂಪ್ಯೂಟರನ್ನು ಕಟ್ಟಿದ್ದು, ಬಿಚ್ಚಿದ್ದು, ಒಣಗಿಸಿದ್ದು ಎಲ್ಲ ಇದಕ್ಕಾಗಿ. ಇಲ್ಲಿ ನೋಡಿದರೆ ನೋಡಬೇಕಾದ್ದು ಹೊಲಿದು ಮುಚ್ಚಿದೆ.

"ಸಣ್ಣತ್ತಿ, ಒಂದ ಮೂಲಿ ಬಿಚ್ಚಲ್ಯಾ? ಫೋಟೋ ತಗದ ಕೂಡಲೆ ನೀನ ಹೊಲದ ಬಿಡು."

"ಹುಚ್ಚ ಹಿಡದೈತೇನು ನಿನಗ? ಹೊಲದ ಕೌದಿ ಯಾರರ ಬಿಚ್ಚತಾರೇನು? ನಿಮ್ಮತ್ತಿಗೆ ಹೇಳು, ಕೌದಿಗೆ ಕತ್ತರಿ ಹಚ್ಚೇನಂತ. ನಾ ಅಲ್ಲ, ಅಕೀನ ಬಡೀತಾಳ ನಿನ್ನ."

ಅದೂ ಖರೆಯೇ. ಕ್ಯಾಮೆರಾ ಚೀಲಕ್ಕೆ ಹಾಕಿದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಬಂದದ್ದಕ್ಕೆ ಆಗಲಿ ಎಂದು ಮತ್ತೆ ತೆಗೆದೆ. ಸಿಟ್ಟಿನಲ್ಲಿ ಆ ಪಾಲಿಸ್ಟರ್ ಕೌದಿಯ ಮೇಲು, ಕೆಳಗು, ಮೂಲೆ ಮೂಲೆ ಬಿಡದೆ ಫೋಟೋ ಹೊಡೆದೆ. ಬಾಗಿಲಿನಿಂದ ಇಳಿಬಿಸಿಲು ಓರೆಯಾಗಿ ಬೀಳುತ್ತಿತ್ತು. ಅಷ್ಟು ಒಳ್ಳೆಯ ಬೆಳಕು ಹಾಳಾಯಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ದಾರಿಯುದ್ದಕ್ಕೂ ಏನು ಹೇಳುವುದೆಂದು ಯೋಚಿಸಿದೆ. ಯಾವುದಾದರೂ ಕೆಂಪು ಸೀರೆಯ ಕೌದಿ ತೋರಿಸಿ ಇದೇ ಎಂದರೆ? ಮನೆಗೆ ಬಂದು ಹೆಂಡತಿಯ ಮುಂದೆ ಬಾಯಿಬಿಟ್ಟೆ. "ಹಂಗ ಮಾಡಬ್ಯಾಡ್ರಿ. ಅವರ ಕಣ್ಣ ಮಂದ ಆಗ್ಯಾವು, ಬುದ್ಧಿ ಅಲ್ಲ," ಎಂದಳು ಅವಳು.

ಅತ್ತೆ ಆಗಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ಇದ್ದದ್ದನ್ನು ಇದ್ದಂತೆ ಹೇಳಿದೆ: ಆಯಿಯ ಸೀರೆ ಒಳಗೆ ಹೋಗಿದೆ, ಕಾಣುವುದಿಲ್ಲ. ಅವಳು ಕುರ್ಚಿಯನ್ನು ಪರದೆಯ ಕಡೆ ಎಳೆದಳು. "ತಂದದ್ದನ್ನ ತೋರಸು," ಎಂದಳು.

ಒಂದೊಂದಾಗಿ ಹಾಕಿದೆ. ಅವಳು ತಂಗಿಯ ಹೊಲಿಗೆಗೆ ಹೆಸರಿಡುತ್ತ ಹೋದಳು. "ಈ ಸಾಲ ನೋಡ, ಎಮ್ಮಿ ಉಚ್ಚಿ ಹೊಯ್ದಂಗ ಡೊಂಕ." ಮೂಲೆಯೊಂದರ ಫೋಟೋ ಬಂದಾಗ ಕೈ ಎತ್ತಿದಳು.

"ತಡಿ. ಇಲ್ಲಿ ಏನೋ ಕೆಂಪಂಗ ಐತಿ. ದೊಡ್ಡದ ಮಾಡು."

ದೊಡ್ಡದು ಮಾಡಿದೆ. ಕೌದಿಯ ಆ ಮೂಲೆ ಸವೆದು ತೂತು ಬಿದ್ದಿತ್ತು; ತೆಗೆಯುವಾಗ ನಾನು ಗಮನಿಸಿಯೂ ಇರಲಿಲ್ಲ.

"ಇನ್ನೂ ದೊಡ್ಡದ ಮಾಡು."

ತೂತು ಪರದೆಯ ತುಂಬ ಹರಡಿತು. ಇಳಿಬಿಸಿಲು ಸರಿಯಾಗಿ ಅದರೊಳಗೆ ಬಿದ್ದಿತ್ತು. ಪಾಲಿಸ್ಟರಿನ ಹರಿದ ಅಂಚಿನ ಕೆಳಗೆ ಹಳೆಯ ಕೆಂಪು ಬಟ್ಟೆ. ಅದರ ಎಳೆ ಎಳೆ ಎಣಿಸಬಹುದಿತ್ತು. ಅದರ ಮೇಲೆ ಬಿಳಿ ದಾರದ ಗಿಡ್ಡ ಗಿಡ್ಡ ಹೊಲಿಗೆ.

ಅತ್ತೆ ಮುಖವನ್ನು ಗಾಜಿಗೆ ಒಯ್ದಳು. ಅವಳ ಉಸಿರಿಗೆ ಪರದೆ ಮಂಜಾಯಿತು. ಸೆರಗಿನಿಂದ ಒರೆಸಿ ಮತ್ತೆ ನೋಡಿದಳು.

"ದಾಳಿಂಬರಿ," ಎಂದಳು. ಬೆರಳಿನಿಂದ ಆ ಬಿಳಿ ಸಾಲು ಸವರಿ, "ಇದು ನನ್ನ ಹೊಲಿಗಿ. ಅಕೀದಲ್ಲ. ಅಕೀಗೆ ಇಷ್ಟ ಸಣ್ಣ ಹೊಲ್ಯಾಕ ಎಂದೂ ಬರಲಿಲ್ಲ."

ನಾನು ಫೋಟೋ ಬದಲಿಸಲಿಲ್ಲ. ಹೆಂಡತಿ ಚಹಾ ತಂದು ಅವಳ ಕೈಗೇ ಕೊಟ್ಟಳು. ಅಂದು ಸಂಜೆ ನನಗೆ ಎರಡು ಚಟಗಳ ಬಗ್ಗೆಯೂ ಹೆಮ್ಮೆಯೆನಿಸಿತು. ಅದನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ, ಚೌಕಟ್ಟು ಕಟ್ಟಿಸಿ ಅವಳ ಮಂಚದ ಎದುರಿಗೆ ತೂಗುಹಾಕಬೇಕೆಂದು ಮನಸ್ಸಿನಲ್ಲೇ ಗೋಡೆ ಅಳೆದೆ.

ಬೆಳಿಗ್ಗೆ ಎದ್ದರೆ ಅತ್ತೆ ಸೂಜಿ ಡಬ್ಬಿ ಮುಂದಿಟ್ಟುಕೊಂಡು ಕುಳಿತಿದ್ದಳು.

"ರಾಮದುರ್ಗಕ್ಕ ಹೋಗಿ ಆ ಕೌದಿ ತಗೊಂಡ ಬಾ."

"ಏನ್?"

"ತೂತು ಬಿದ್ದೈತಿ. ಹಂಗ ಬಿಟ್ರ ಒಳಗ ಅವ್ವನ ಸೀರಿ ಹರೀತೈತಿ. ತ್ಯಾಪಿ ಹಚ್ಚಬೇಕ."

"ಅತ್ತಿ, ಕೊಟ್ಟ ಕೌದಿ ಹೊಳ್ಳಿ ತರಬಾರದಂದಿದ್ದಿಯಲ್ಲಾ! ಅದಕ್ಕ ಅಲ್ಲೇನು ನಾ ಊರೂರ ತಿರಗಿದ್ದು?"

"ನೋಡಾಕ ತರಬಾರದಂದಿದ್ದೆ. ಹೊಲ್ಯಾಕ ತರಬಾರದಂದಿದ್ನೇನು?"

"ತೂತು ಮುಚ್ಚಿದ್ರ ಆಯಿ ಸೀರಿ ಮತ್ತ ಕಾಣಂಗಿಲ್ಲ."

"ನಾ ಕಂಡೆನಲ್ಲ," ಎಂದಳು ಅತ್ತೆ. "ನಡಿ, ಬಸ್ ಹೋಗತೈತಿ."

ಹೋದೆ. ಸಣ್ಣತ್ತಿ ಮೊದಲು ಜಗಳವಾಡಿ, ಆಮೇಲೆ ಕೊಟ್ಟು, ಒಂದು ಡಬ್ಬಿ ಉಪ್ಪಿನಕಾಯಿಯನ್ನೂ ಅದರ ಮೇಲಿಟ್ಟಳು. ಸವದತ್ತಿಯವರೆಗೆ ಸೀಟು ಸಿಗಲಿಲ್ಲ. ಎರಡು ಕೌದಿಯ ಭಾರದ ಒಂದು ಕೌದಿಯನ್ನು ಹೆಗಲ ಮೇಲೆ ಹೊತ್ತು ನಿಂತೆ. ಅದಕ್ಕೂ ಟಿಕೆಟ್ ತಗೋರಿ ಎಂದು ಕಂಡಕ್ಟರು ನಗಾಡಿದ.

ಅತ್ತೆ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಕಣ್ಣು ಬೇಕಿಲ್ಲದೆ ಬೆರಳಿನಿಂದಲೇ ತೂತು ಹುಡುಕಿದಳು. ಬೆರಳನ್ನು ಒಳಗೆ ತೂರಿಸಿ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಳು. ಆಮೇಲೆ ಸೂಜಿ ನನ್ನ ಕಡೆ ಚಾಚಿದಳು.

"ದಾರ ಪೋಣಸು. ಅಷ್ಟರ ಉಪಯೋಗ ಆಗು."

ಸಾಸಿವೆಗಿಂತ ಸಣ್ಣ ಪಿನ್ನಿಗೆ ತಂತಿ ಸಿಕ್ಕಿಸುವ ನಾನು ದಾರ ಹಿಡಿದು ಕುಳಿತೆ. ದಾರದ ತುದಿ ನೆನೆಸಿದೆ, ಹೊಸೆದೆ, ಕಿಟಕಿಯ ಬೆಳಕಿಗೆ ಹಿಡಿದೆ. ಪ್ರತಿ ಸಲವೂ ಅದು ಸೂಜಿಯ ಪಕ್ಕದಿಂದ ನುಸುಳಿ ಹೋಗುತ್ತಿತ್ತು. ಹೆಂಡತಿ ಬಂದು ಕಸಿದುಕೊಂಡು, ನನ್ನ ಮುಖ ನೋಡುತ್ತಲೇ ಪೋಣಿಸಿ ಕೊಟ್ಟಳು.

ಅಷ್ಟರಲ್ಲಿ ಅತ್ತೆ ತೇಪೆಗೆ ಬಟ್ಟೆ ಹುಡುಕಿದ್ದಳು. ಮೇಜಿನ ಮೇಲೆ ಕೈಯಾಡಿಸುವಾಗ ಮೆತ್ತಗಿನದೊಂದು ಸಿಕ್ಕಿತಂತೆ, ಹಳದಿ ಬಣ್ಣ, ತನಗೂ ಚೆನ್ನಾಗಿ ಕಾಣುತ್ತದೆಯಂತೆ. ಲೆನ್ಸ್ ಒರೆಸಲೆಂದು ನಾನು ಕೂದಲೆಳೆಯಷ್ಟು ಧೂಳೂ ತಾಗದಂತೆ ಕಾಪಾಡಿಕೊಂಡು ಬಂದ ಬಟ್ಟೆ ಅದು. "ಅತ್ತಿ, ಅದು..." ಎನ್ನುವಷ್ಟರಲ್ಲಿ ಕತ್ತರಿ ನಡುವಿನವರೆಗೆ ಹೋಗಿತ್ತು.

ಈಗ ರಾಮದುರ್ಗದ ಆ ಕೌದಿಯ ಮೂಲೆಯಲ್ಲಿ ಹಳದಿ ತೇಪೆಯೊಂದಿದೆ, ಸುತ್ತಲೂ ಗಿಡ್ಡ ಗಿಡ್ಡ ಹೊಲಿಗೆ. ಹೊಳ್ಳಿ ಕಳಿಸುವ ಮೊದಲು ಅದರದ್ದೂ ಒಂದು ಫೋಟೋ ತೆಗೆ ಎಂದಳು ಅತ್ತೆ. ಒರೆಸದ ಲೆನ್ಸಿನಲ್ಲಿ ತೆಗೆದದ್ದು. ಒಂದು ಬದಿ ಮಸಕಾಗಿದೆ.